ಚರ್ಚಿನ ಯೂನಿವರ್ಸಿಟಿ ಡಿಗ್ರಿಗೆ ಬೆಲೆ ಇದೆಯಾ ಅಂತ ಕೇಳಿದ ಬಳ್ಳಾರಿ ಹುಡುಗನಿಗೆ

ತಮ್ಮಾ, ಟೆಕ್ಸಸ್‌ನ ವೇಕೋದಲ್ಲಿರೋ ಬೇಲರ್ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್.ಗೆ ಸೀಟು ಸಿಕ್ಕಿದೆ, ಆದರೆ ಅಪ್ಪಾಜಿ "ಅದು ಚರ್ಚಿನ ಕಾಲೇಜಂತಲ್ಲೋ, ಓದು ಹೆಂಗೈತೋ ಏನೋ" ಅಂತಿದ್ದಾರೆ ಅಂದಿದ್ದೀಯ. ಭಾನುವಾರ ಚರ್ಚಿಗೆ ಹೋಗಲೇಬೇಕಾ ಅಂತಲೂ ಕೇಳಿದ್ದೀಯ. ಬಳ್ಳಾರಿಯ ಕೌಲ್ ಬಜಾರಿನಿಂದ ಬಂದು ಟೆಕ್ಸಸ್‌ನಲ್ಲೇ ನೆಲೆ ನಿಂತವನು ನಾನು, ಗೊತ್ತಿದ್ದಷ್ಟು ಹೇಳ್ತೀನಿ.

ಮೊದಲು ಅಪ್ಪಾಜಿಗೆ ಇದನ್ನ ಹೇಳು. ನೀನು ಬಿ.ಇ. ಓದಿದ್ದು ಆರ್‌ವೈಎಂಇಸಿಯಲ್ಲಿ. ಕಾಲೇಜು ವೀರಶೈವ ವಿದ್ಯಾವರ್ಧಕ ಸಂಘದ್ದು, ಡಿಗ್ರಿ ವಿಟಿಯುದು. ಡಾಟಾ ಸ್ಟ್ರಕ್ಚರ್ಸ್ ಪೇಪರಿನಲ್ಲಿ ಯಾರಾದ್ರೂ ವಚನ ಕೇಳಿದ್ರಾ? ನಿಮ್ಮ ತಾತ ಓದಿದ ವಾರ್ಡ್ಲಾ ಶಾಲೆ ಕಟ್ಟಿದವರೂ ಲಂಡನ್ ಮಿಷನ್ ಪಾದ್ರಿಗಳೇ.

ಆದರೆ ಇಲ್ಲಿ ವಿಟಿಯು ಥರ ಮೇಲೊಂದು ಕೂತಿರಲ್ಲ. ಸಿಲಬಸ್, ಪರೀಕ್ಷೆ, ಡಿಗ್ರಿ ಎಲ್ಲ ಯೂನಿವರ್ಸಿಟಿಯದ್ದೇ. ಅದಕ್ಕೇ ಅಕ್ರೆಡಿಟೇಶನ್, ಅಂದ್ರೆ ಓದಿನ ಗುಣಮಟ್ಟ ನೋಡಿ ಹೊರಗಿನ ಸಂಸ್ಥೆ ಕೊಡೋ ಮಾನ್ಯತೆ, ಇದೆಯಾ ಅಂತ ನೋಡಬೇಕು. ಟೆಕ್ಸಸ್ ಸೇರಿ ದಕ್ಷಿಣದ ರಾಜ್ಯಗಳಲ್ಲಿ ಅದನ್ನ ಹೆಚ್ಚಾಗಿ ಕೊಡೋದು ಸ್ಯಾಕ್ಸ್ ಅನ್ನೋ ಸಂಸ್ಥೆ. ಬೇಲರ್‌ಗೆ ಅದು ಇದೆ. ಬರೀ ಬೈಬಲ್ ಕಾಲೇಜುಗಳ ಅಕ್ರೆಡಿಟೇಶನ್ ಬೇರೆ ಕಡೆಯದು, ಕೆಲವಕ್ಕೆ ಅದೂ ಇರಲ್ಲ. ಕನ್ಸಲ್ಟೆನ್ಸಿಯವರು ಈ ವ್ಯತ್ಯಾಸ ಬಾಯಿಬಿಟ್ಟು ಹೇಳಲ್ಲ.

ಬೇಲರ್ ಶುರುವಾಗಿದ್ದು 1845ರಲ್ಲಿ, ಟೆಕ್ಸಸ್ ಇನ್ನೂ ಬೇರೆ ದೇಶವಾಗಿದ್ದಾಗ. ಬ್ಯಾಪ್ಟಿಸ್ಟ್ ಅನ್ನೋ ಕ್ರೈಸ್ತ ಪಂಗಡದವರದು. ಕ್ಯಾಂಪಸ್ಸಿನಲ್ಲಿ ಡ್ಯಾನ್ಸ್‌ಗೆ ಅನುಮತಿ ಸಿಕ್ಕಿದ್ದೇ 1996ರಲ್ಲಿ ಅಂದ್ರೆ ನೋಡು! ಆದರೆ 1990ರಲ್ಲೇ ಯೂನಿವರ್ಸಿಟಿಯವರು ಚಾರ್ಟರ್, ಅಂದ್ರೆ ತಮ್ಮ ಮೂಲ ನಿಯಮಪತ್ರ, ತಿದ್ದಿ, ಆಡಳಿತ ಮಂಡಳಿಯ ಬಹುಪಾಲು ಸದಸ್ಯರನ್ನ ತಾವೇ ಆರಿಸಿಕೊಳ್ಳೋ ಹಾಗೆ ಮಾಡಿಕೊಂಡರು. ಚರ್ಚಿನವರ ಬಿಗಿಹಿಡಿತ ಸಡಿಲಾಯ್ತು, ನಂಟು ಉಳೀತು.

ಆ ನಂಟು ಓದಿಗೆ ಅಡ್ಡ ಬಂದಿಲ್ಲವಾ ಅಂದ್ರೆ, ಬಂದಿದೆ. 1999ರಲ್ಲಿ ಅಲ್ಲಿನ ಅಧ್ಯಕ್ಷರು 'ಇಂಟೆಲಿಜೆಂಟ್ ಡಿಸೈನ್' ವಾದಕ್ಕೆ, ಅಂದ್ರೆ ಜೀವಜಗತ್ತಿನ ಹಿಂದೆ ಒಬ್ಬ ರೂಪಿಸಿದವನಿದ್ದಾನೆ ಅನ್ನೋ ವಾದಕ್ಕೆ, ಮೈಕೆಲ್ ಪೊಲಾನಿ ಸೆಂಟರ್ ಅಂತ ಒಂದು ಕೇಂದ್ರ ತೆರೆಸಿದರು. ವಿಜ್ಞಾನದ ಮೇಷ್ಟ್ರುಗಳು ಸಿಡಿದೆದ್ದರು. 2000ದಲ್ಲಿ ಅಧ್ಯಾಪಕರ ಸೆನೆಟ್ 27-2 ಮತದಿಂದ ಅದನ್ನ ಮುಚ್ಚಿ ಅಂತು. ಆ ವರ್ಷವೇ ಕೇಂದ್ರದ ಹೆಸರು ಹೋಯ್ತು, ನಿರ್ದೇಶಕನನ್ನೂ ಇಳಿಸಿದರು. ಯೂನಿವರ್ಸಿಟಿ ಕ್ರಿಶ್ಚಿಯನ್ ಹೌದೋ ಅಲ್ಲವೋ ಅನ್ನೋದಕ್ಕಿಂತ, ಅಧ್ಯಕ್ಷರಿಗೇ ಎದುರು ಮಾತಾಡೋ ಮೇಷ್ಟ್ರುಗಳು ಒಳಗಿದ್ದಾರಾ ಅಂತ ನೋಡೋದು ನಾನು. ಅಲ್ಲಿದ್ದರು. 2021ರ ಕೊನೆಗೆ ಬೇಲರ್ ಸಂಶೋಧನೆಯಲ್ಲಿ ಆರ್-1 ಅನ್ನೋ ಎಲ್ಲಕ್ಕಿಂತ ಮೇಲಿನ ದರ್ಜೆಗೆ ಏರಿತು.

ಚಾಪೆಲ್ ಹಾಜರಿ, ಅಂದ್ರೆ ಕ್ಯಾಂಪಸ್ಸಿನ ಪ್ರಾರ್ಥನಾ ಸಭೆಗೆ ಹೋಗಲೇಬೇಕು ಅನ್ನೋದು, ಬೈಬಲ್ ಪೇಪರ್ ಇರೋದು ಡಿಗ್ರಿ ಹುಡುಗರಿಗೆ. ಎಂ.ಎಸ್.ಗೆ ಬರೋ ನಿನಗೆ ಆ ತಲೆನೋವಿಲ್ಲ. ಸಭೆ ಸಮಾರಂಭ ಪ್ರಾರ್ಥನೆಯಿಂದ ಶುರುವಾಗಬಹುದು, ಸುಮ್ಮನೆ ನಿಂತ್ಕೋ ಸಾಕು.

ಎಲ್ಲ ಕಡೆ ಹೀಗೇ ಅಂದ್ಕೋಬೇಡ. ಯೂಟಾದಲ್ಲಿ ಮಾರ್ಮನ್ ಚರ್ಚಿನವರ ಬ್ರಿಗಮ್ ಯಂಗ್ ಯೂನಿವರ್ಸಿಟಿಯಲ್ಲಿ ಆನರ್ ಕೋಡ್ ಅನ್ನೋ ನಡತೆಯ ನಿಯಮಗಳಿಗೆ ಒಪ್ಪಿಗೆ ಕೊಡಬೇಕು: ಹೆಂಡ ಇರಲಿ, ಚಾ ಕಾಫಿ ಸಹ ಇಲ್ಲ, ಗಂಡಸರು ಗಡ್ಡ ಬಿಡೋ ಹಾಗಿಲ್ಲ. ಅವರ ಚರ್ಚಿಗೆ ಸೇರದವರಿಗೆ ಫೀಸೂ ಜಾಸ್ತಿ. ಇಲಿನಾಯ್‌ನ ವೀಟನ್ ಕಾಲೇಜಿನಲ್ಲಿ ಮೇಷ್ಟ್ರುಗಳೇ ತಮ್ಮ ನಂಬಿಕೆ ಇಂಥದ್ದು ಅಂತ ಬರೆದುಕೊಡಬೇಕು. ಹಾಗಾಗಿ ಎಲ್ಲೇ ಸೇರಿದರೂ ಸ್ಟೂಡೆಂಟ್ ಹ್ಯಾಂಡ್‌ಬುಕ್ ಪೂರ್ತಿ ಓದಿ ಆಮೇಲೆ ದುಡ್ಡು ಕಟ್ಟು.

ಇನ್ನು ಚರ್ಚಿನ ಜನ. ಈ ಕಡೆ ಯಾವ ಯೂನಿವರ್ಸಿಟಿ ಊರಿಗೆ ಹೋದರೂ, ಸರ್ಕಾರಿಯಾದರೂ ಸರಿ, ಹೊಸದಾಗಿ ಬಂದ ಹುಡುಗರಿಗೆ ಅವರು ಹಾಸಿಗೆ, ಟೇಬಲ್ಲು, ಪಾತ್ರೆ ತಂದುಕೊಡೋದುಂಟು. ಆಮೇಲೆ ಶುಕ್ರವಾರ ಊಟಕ್ಕೆ ಕರೀತಾರೆ, ಊಟ ಆದ ಮೇಲೆ ಬೈಬಲ್ ಓದು. ಹೋಗು, ಉಣ್ಣು. ಬೇಡ ಅನ್ನಿಸಿದರೆ "ನೋ, ಥ್ಯಾಂಕ್ಸ್" ಅಂತ ಮುಖಕ್ಕೇ ಹೇಳು, ಬೇಜಾರು ಮಾಡ್ಕೊಳ್ಳಲ್ಲ. ನಮ್ಮ ಕಡೆ ಥರ "ನೋಡೋಣ" ಅಂದೆಯೋ, ಭಾನುವಾರ ಬೆಳಿಗ್ಗೆ ಕಾರು ಬಾಗಿಲಿಗೆ ಬಂದಿರುತ್ತೆ. ನೀನು ಶಾಕಾಹಾರಿ ಅಂದಿದ್ದಕ್ಕೆ ಒಂದು ಮಾತು: ಟೆಕ್ಸಸ್‌ನವರ ಬೀನ್ಸ್ ಕಂಡು ಉಸುಳಿ ಅಂತ ಬಡಿಸಿಕೋಬೇಡ. ಕೆಳಗೆ ಹಂದಿಮಾಂಸದ ಚೂರು ಇರುತ್ತೆ. ಕೇಳಿ ಹಾಕಿಸಿಕೋ.

ಬೇಲರ್ ಖಾಸಗಿ, ಫೀಸು ಭಾರಿ. ಚರ್ಚಿಗಿಂತ ಅಪ್ಪಾಜಿ ಚಿಂತೆ ಮಾಡಬೇಕಾದ್ದು ಅದಕ್ಕೆ. ಅಸಿಸ್ಟೆಂಟ್‌ಶಿಪ್, ಅಂದ್ರೆ ಓದ್ತಾ ಓದ್ತಾ ಪಾಠ ಇಲ್ಲವೇ ಸಂಶೋಧನೆಗೆ ನೆರವಾಗಿ ಖರ್ಚಿಗೆ ದುಡ್ಡು ಪಡೆಯೋ ಕೆಲಸ, ಕೊಡ್ತೀರಾ ಅಂತ ಡಿಪಾರ್ಟ್‌ಮೆಂಟಿಗೆ ಇವತ್ತೇ ಮೇಲ್ ಹಾಕು, ಉತ್ತರ ಬಂದ ಮೇಲೆ ನನಗೆ ಬರಿ. ವೇಕೋ ಬಿಸಿಲು ಬಳ್ಳಾರಿಯವನಿಗೆ ಲೆಕ್ಕಕ್ಕಿಲ್ಲ ಬಿಡು.