ಪದ ಗೊತ್ತಿಲ್ಲದಾಗ ಮಗು ಏನು ಕೇಳುತ್ತದೆ?

ಪ್ರಶ್ನೆ: ಅಮೆರಿಕದಲ್ಲಿರುವ ಮೊಮ್ಮಗಳು ಪ್ರತಿವರ್ಷವೂ ಅಲ್ಲಿನ ಮಕ್ಕಳ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ ಸ್ಪರ್ಧೆಯನ್ನು (ಕೇಳಿದ ಇಂಗ್ಲಿಷ್ ಪದದ ಅಕ್ಷರಗಳನ್ನು ಒಂದೊಂದಾಗಿ ಹೇಳುವ ಪಂದ್ಯ) ನೋಡೆಂದು ಒತ್ತಾಯಿಸುತ್ತಾಳೆ. ನೋಡಿದಾಗಲೆಲ್ಲ, ಯಾರೂ ಬಳಸದ ಪದಗಳನ್ನು ಮಕ್ಕಳು ಉರು ಹೊಡೆದು ಒಪ್ಪಿಸುತ್ತಿದ್ದಾರೆಂದೇ ಅನ್ನಿಸುತ್ತದೆ. ಅದರಲ್ಲಿ ನೋಡುವಂಥದ್ದೇನಿದೆ?
– ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ನಿಮ್ಮ ಅನುಮಾನ ಸಹಜವಾದದ್ದೇ. ಕನ್ನಡದಲ್ಲಿ ಪದ ಸರಿಯಾಗಿ ಕಿವಿಗೆ ಬಿದ್ದರೆ ಬರಹ ಬಹುಮಟ್ಟಿಗೆ ತಾನಾಗಿಯೇ ಕೈಗೆ ಬರುತ್ತದೆ. ಮಹಾಪ್ರಾಣಗಳಲ್ಲಿ, ಶಕಾರ ಷಕಾರಗಳಲ್ಲಿ ಎಡವುವುದನ್ನು ಬಿಟ್ಟರೆ ಇದು ದೊಡ್ಡ ಪಂದ್ಯವಾಗಲು ನಮ್ಮಲ್ಲಿ ಕಾರಣವಿಲ್ಲ. ‘ಕಾಗುಣಿತ ಸ್ಪರ್ಧೆ’ ಎಂಬ ಅನುವಾದ ನನಗೆ ಪೂರ್ತಿ ಒಪ್ಪಿಗೆಯಾಗದಿರುವುದೂ ಇದಕ್ಕೇ. ನಮ್ಮ ಕಾಗುಣಿತವೆಂದರೆ ಒಮ್ಮೆ ಕಲಿತರೆ ಎಲ್ಲ ಪದಗಳಿಗೂ ಸಲ್ಲುವ ಕ ಕಾ ಕಿ ಕೀ. ಇಂಗ್ಲಿಷಾದರೋ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಮೊದಲಾದ ಭಾಷೆಗಳಿಂದ ಪದಗಳನ್ನು ಪಡೆದಾಗ ಆಯಾ ಭಾಷೆಯ ಬರವಣಿಗೆಯ ಗುರುತನ್ನೂ ಬಹಳಷ್ಟು ಉಳಿಸಿಕೊಂಡಿದೆ. ವೇದಿಕೆಯ ಮೇಲೆ ನಿಂತ ಮಗು ಹುಡುಕುವುದು ಆ ಗುರುತನ್ನು.

ಆದ್ದರಿಂದ ಮಗು ಹೇಳುವ ಅಕ್ಷರಗಳಿಗಿಂತ ಮೊದಲು ಅದು ಕೇಳುವ ಪ್ರಶ್ನೆಗಳಿಗೆ ಕಿವಿಗೊಡಿ. ಪದದ ಅರ್ಥ, ಮೂಲ ಭಾಷೆ, ವ್ಯಾಕರಣದಲ್ಲಿ ಅದರ ಸ್ಥಾನ, ಬೇರೆ ಉಚ್ಚಾರಣೆ, ವಾಕ್ಯದಲ್ಲಿ ಬಳಕೆ ಇವನ್ನೆಲ್ಲ ನಿಗದಿತ ಸಮಯದೊಳಗೆ ಕೇಳಬಹುದು. 2023ರಲ್ಲಿ ದೇವ್ ಶಾ ಎಂಬ ಹುಡುಗನಿಗೆ ಕೊನೆಯದಾಗಿ ಬಂದ ಪದ ‘ಸ್ಯಾಮೊಫೈಲ್’. ಮರಳು ನೆಲದಲ್ಲಿ ಚೆನ್ನಾಗಿ ಬದುಕುವ ಜೀವಿ ಎಂದು ಅದರ ಅರ್ಥ. ಮೊದಲ ಭಾಗವು ಮರಳು ಎಂಬ ಅರ್ಥದ ಗ್ರೀಕ್ ಪದವೇ ಎಂದು ಅವನು ಕೇಳಿ ಖಚಿತಪಡಿಸಿಕೊಂಡ. ಹೌದಾದರೆ, ಕಿವಿಗೆ ‘ಎಸ್’ ಮಾತ್ರ ಬಿದ್ದರೂ ಅದಕ್ಕೂ ಮೊದಲು ಸದ್ದಿಲ್ಲದ ‘ಪಿ’ ಇರಲೇಬೇಕು. ‘ಸೈಕಾಲಜಿ’ಯಲ್ಲಿ ಅಡಗಿರುವ ‘ಪಿ’ಯೂ ಇಂಥದ್ದೇ. ‘ಫೈಲ್’ ಎಂಬಲ್ಲಿ ‘ಎಫ್’ ಅಲ್ಲ, ‘ಪಿ-ಎಚ್’. ಸಂಧಿ ಬಿಡಿಸಿ ಪದದ ಮೂಲವನ್ನು ಕಾಣಿಸಿಕೊಟ್ಟ ನಿಮಗೆ ಈ ಕ್ರಮ ಹೊಸದೇನಲ್ಲ.

ಕಂಠಪಾಠ ಇಲ್ಲವೇ ಇಲ್ಲ ಎಂದರೆ ತಪ್ಪಾಗುತ್ತದೆ. ವ್ಯಕ್ತಿಯ ಹೆಸರಿನಿಂದ ಹುಟ್ಟಿದ ಪದಕ್ಕೆ ಧಾತುವಿನ ತರ್ಕ ನಡೆಯುವುದಿಲ್ಲ. 2021ರಲ್ಲಿ ಲೂಸಿಯಾನಾದ ಝೈಲಾ ಅವಾಂಗಾರ್ಡ್ ಎಂಬ 14 ವರ್ಷದ ಹುಡುಗಿ ಗೆದ್ದದ್ದು ‘ಮರ್ರಾಯಾ’ ಎಂಬ ಪದದಿಂದ. ಅದು ಮರ್ರೆ ಎಂಬ ಸಸ್ಯವಿಜ್ಞಾನಿಯ ಹೆಸರು ಹೊತ್ತ ಗಿಡಗಳ ಕುಲ. ನಿಮ್ಮ ಹಿತ್ತಲ ಕರಿಬೇವನ್ನು ಬಹುಕಾಲ ಸಸ್ಯಶಾಸ್ತ್ರದ ಪುಸ್ತಕಗಳು ಅದೇ ಕುಲಕ್ಕೆ ಸೇರಿಸಿದ್ದವು. ಆ ಬಾರಿ ಮೊದಲ ಸಲ ಆಫ್ರಿಕನ್ ಅಮೆರಿಕನ್ ಮಗುವೊಂದು ಚಾಂಪಿಯನ್ ಆಯಿತು. ಅದೇ ವರ್ಷದಿಂದ ವೇದಿಕೆಯ ಮೇಲೂ ಪದಗಳ ಅರ್ಥವನ್ನು ಕೇಳತೊಡಗಿದ್ದಾರೆ, ಬರಿಯ ಅಕ್ಷರ ಸಾಲದು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಕೇಳದೆ ಅವಸರಪಟ್ಟರೆ ಏನಾಗುತ್ತದೆಂಬುದನ್ನು 2025ರಲ್ಲಿ ಕಂಡೆವು. ಗೆಲುವು ಕೈಗೆಟಕುವಷ್ಟು ಹತ್ತಿರವಿದ್ದಾಗ ಫೈಜಾನ್ ಝಾಕಿ ‘ಕಾಮೆಲಿನಾ’ ಎಂಬ ಪದದ ಬಗ್ಗೆ ಏನನ್ನೂ ವಿಚಾರಿಸದೆ, ‘ಸಿ’ಯಿಂದ ಶುರುವಾಗಬೇಕಾದದ್ದನ್ನು ‘ಕೆ’ಯಿಂದ ಶುರುಮಾಡಿ, ಅರ್ಧದಲ್ಲೇ ಬೆಚ್ಚಿ ನಿಂತುಬಿಟ್ಟ. ಆದರೆ ಎದುರಾಳಿಗಳೂ ತಪ್ಪಿದ್ದರಿಂದ ಅವನಿಗೆ ಮತ್ತೆ ಅವಕಾಶ ದೊರೆತು, ಕೊನೆಗೆ ಅವನೇ ಗೆದ್ದು ವೇದಿಕೆಯ ಮೇಲೇ ಕುಸಿದು ಬಿದ್ದ. ಹಿಂದಿನ ವರ್ಷ ಎರಡನೆಯ ಸ್ಥಾನಕ್ಕೆ ನಿಂತಿದ್ದ ಹುಡುಗ ಅವನು.

ಪ್ರಶ್ನೆ: ಗೆಲ್ಲುವವರಲ್ಲಿ ಭಾರತೀಯ ಮೂಲದ ಮಕ್ಕಳೇ ಹೆಚ್ಚು. ಇದು ಹುಟ್ಟುಗುಣವೇ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಖಂಡಿತ ಅಲ್ಲ. 1925ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಭಾರತೀಯ ಮೂಲದ ಮಗು, ಬಾಲು ನಟರಾಜನ್, ಮೊದಲು ಗೆದ್ದದ್ದು 1985ರಲ್ಲಿ. ಅಮೆರಿಕದ ವಲಸೆ ಕಾನೂನು 1965ರಲ್ಲಿ ಬದಲಾದ ಮೇಲೆ ಅಲ್ಲಿಗೆ ಹೋದವರಲ್ಲಿ ಉನ್ನತ ವ್ಯಾಸಂಗ ಮಾಡಿದವರು ಹೆಚ್ಚು; ಮಕ್ಕಳ ಓದಿಗಾಗಿ ಸಂಜೆಗಳನ್ನು ಮೀಸಲಿಟ್ಟವರು ಅವರು. ಭಾರತದ ಬಡ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಹುಟ್ಟಿದ ನಾರ್ತ್ ಸೌತ್ ಫೌಂಡೇಶನ್ ತನ್ನದೇ ಸ್ಪರ್ಧೆಗಳನ್ನು ನಡೆಸುತ್ತ ಬಂದದ್ದರಿಂದ ಮಕ್ಕಳಿಗೆ ಎಳವೆಯಲ್ಲೇ ವೇದಿಕೆಯ ಅಭ್ಯಾಸವಾಯಿತು. ಮನೆಯೊಳಗಿನ ಅಭ್ಯಾಸವೂ ದೊಡ್ಡದು: 2014ರಲ್ಲಿ ಶ್ರೀರಾಮ್ ಹತ್ವಾರ್, 2016ರಲ್ಲಿ ಅವನ ತಮ್ಮ ಜೈರಾಮ್, ತಲಾ ಇನ್ನೊಬ್ಬ ಸ್ಪರ್ಧಿಯೊಡನೆ, ಜಂಟಿ ವಿಜೇತರಾದರು. ಆ ಮನೆತನದ ಹೆಸರು ಕಿವಿಗೆ ಬಿದ್ದಾಗ ನಮ್ಮ ಕರಾವಳಿಯವರು ಒಮ್ಮೆ ತಲೆಯೆತ್ತಿ ನೋಡಿರಬೇಕು.

ಪ್ರಶ್ನೆ: ಮಕ್ಕಳೊಡನೆ ಕುಳಿತು ಇದನ್ನು ಹೇಗೆ ನೋಡಬೇಕು?
– ಗೃಹಿಣಿ, ಮೈಸೂರು

ಉತ್ತರ: ಸ್ಪರ್ಧೆ ಸಾಮಾನ್ಯವಾಗಿ ಮೇ ಕೊನೆಯ ವೇಳೆಗೆ ನಡೆಯುತ್ತದೆ. ವಾಷಿಂಗ್ಟನ್ನಿನಲ್ಲಿ ರಾತ್ರಿ 8 ಗಂಟೆಯೆಂದರೆ ನಮಗೆ ಮರುದಿನ ಬೆಳಗಿನ 5.30. ಪರದೆಯ ಮೇಲೆ ಉತ್ತರ ಕಾಣಿಸುವ ಭಾಗಕ್ಕೆ ಒಂದು ರಟ್ಟು ಅಡ್ಡವಿಟ್ಟು, ಮಕ್ಕಳ ಕೈಗೆ ಹಾಳೆ ಪೆನ್ಸಿಲ್ ಕೊಡಿ. ಪದವನ್ನು ತಕ್ಷಣ ಬರೆಯಲು ಬಿಡಬೇಡಿ. ಯಾವ ಭಾಷೆಯದ್ದಿರಬಹುದೆಂದು ಮೊದಲು ಊಹಿಸಲಿ, ಆಮೇಲೆ ಬರೆಯಲಿ. ತಪ್ಪಿದ ಸ್ಪರ್ಧಿಗೆ ಗಂಟೆ ಬಾರಿಸಿ ಸರಿಯುತ್ತರ ಹೇಳುವಾಗ ಮಾತ್ರ ಸದ್ದು ಕಡಿಮೆ ಮಾಡಬೇಡಿ; ತಮ್ಮ ಹಾಳೆಯನ್ನು ತಿದ್ದಿಕೊಳ್ಳಲು ಮಕ್ಕಳಿಗೆ ಸಿಗುವುದು ಆ ಒಂದು ಗಳಿಗೆ.