ಆ ಗಿಡ್ಡ ಎಂಜಿನ್ ಬಗ್ಗೆ

ಹುಬ್ಬಳ್ಳಿ ಯಾರ್ಡ್‌ನಲ್ಲಿ ನೋಡಿದ ಡಬ್ಲ್ಯೂಡಿಎಸ್-6 ರೈಲು ಎಂಜಿನ್ ಎಷ್ಟು ಹಳೇದು, ನಮ್ಮ ಕಾರವಾರದಲ್ಲಿ ಯಾಕೆ ಕಾಣಲ್ಲ ಅಂತ ಕೇಳಿದ್ದೀರಿ. ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್, ಡಿ ಡೀಸೆಲ್, ಎಸ್ ಶಂಟಿಂಗ್, ಅಂದರೆ ಯಾರ್ಡ್‌ನಲ್ಲಿ ಬೋಗಿ ಬಿಚ್ಚಿ ಜೋಡಿಸೋ ಕೆಲಸ. ಈ ಜಾತಿ ಶುರುವಾಗಿದ್ದು 1970ರ ದಶಕದಲ್ಲಿ. ಅದಕ್ಕೂ ಮೊದಲು, 1960ರ ದಶಕದ ಕೊನೆಯಿಂದ, ಚಿತ್ತರಂಜನ್ ಕಾರ್ಖಾನೆಯ ಡಬ್ಲ್ಯೂಡಿಎಸ್-4 ಇತ್ತು. ಅದು ಎಣ್ಣೆಯ ಹರಿವಿನ ಬಲದಿಂದ ಗಾಲಿ ತಿರುಗಿಸುವ ಹೈಡ್ರಾಲಿಕ್ ಎಂಜಿನ್. ಡಬ್ಲ್ಯೂಡಿಎಸ್-6ರಲ್ಲಿ ಹಾಗಲ್ಲ. ಡೀಸೆಲ್ ಕರೆಂಟು ಹುಟ್ಟಿಸುತ್ತದೆ, ಮೋಟಾರು ಗಾಲಿ ತಿರುಗಿಸುತ್ತದೆ. ಒಳಗಿರೋದು ಆಲ್ಕೋ ಅನ್ನೋ ಅಮೆರಿಕದ ಕಂಪನಿ ವಿನ್ಯಾಸದ ಆರು ಸಿಲಿಂಡರಿನ ಡೀಸೆಲ್ ಯಂತ್ರ. ಪ್ಯಾಸೆಂಜರ್, ಗೂಡ್ಸ್ ಗಾಡಿ ಎಳೆಯುತ್ತಿದ್ದ ದೊಡ್ಡ ಡಬ್ಲ್ಯೂಡಿಎಂ-2ಕ್ಕೆ ಹದಿನಾರು, ಹಾಗಾಗಿ ಇದು ಅದರ ತಮ್ಮ ಅನ್ನಿ. ಕಪ್ಪು ಹೊಗೆ ಮಾತ್ರ ಅಣ್ಣನದೇ!

ಕಾರವಾರದ ಶಿರವಾಡ ಸ್ಟೇಷನ್‌ನಲ್ಲಿ ಗಾಡಿಗಳು ಹೆಚ್ಚಾಗಿ ನಿಂತು ಮುಂದೆ ಹೋಗುತ್ತವೆ. ಬೋಗಿ ಬಿಚ್ಚಿ ಜೋಡಿಸೋ ಕೆಲಸ ಕಮ್ಮಿ ಅಲ್ವಾ, ಇದನ್ನು ಸುಮ್ನೆ ನಿಲ್ಲಿಸಿ ಏನು ಮಾಡೋದು?