ತಳ್ಳಿದ್ದು ನಿಜ, ಅಪರಾಧವಾಗುತ್ತದೆಯೇ?

ಪ್ರಶ್ನೆ: ನಮ್ಮ ಗೇಟಿಗೆ ಅಡ್ಡಲಾಗಿ ಕಾರು ನಿಲ್ಲಿಸಿದ್ದ ಪಕ್ಕದ ಮನೆಯವರೊಂದಿಗೆ ಮಾತಿಗೆ ಮಾತು ಬೆಳೆಯಿತು. ಅವರು ಕಬ್ಬಿಣದ ರಾಡು ಎತ್ತಿ ನನ್ನ ಭುಜಕ್ಕೆ ಹೊಡೆದಾಗ ನಾನು ತಳ್ಳಿದೆ. ಅವರು ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಆಗ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯಲ್ಲಿದ್ದ ನನ್ನ ತಮ್ಮನ ಮೇಲೂ ದೂರು ಕೊಟ್ಟಿದ್ದಾರೆ. ಇಬ್ಬರೂ ಸ್ಥಳದಲ್ಲಿರಲಿಲ್ಲವೆಂದು ಹೇಳಿಬಿಡಿ ಎನ್ನುತ್ತಾರೆ ಬಂಧುಗಳು. ಏನು ಮಾಡಲಿ?
– ಓದುಗರು, ಬಸವೇಶ್ವರನಗರ, ಬೆಂಗಳೂರು

ಉತ್ತರ: ಬಂಧುಗಳ ಮಾತು ಕೇಳಬೇಡಿ. ನೀವು ಅಲ್ಲಿರಲಿಲ್ಲವೆಂಬ ಸುಳ್ಳು ಎದುರು ಮನೆಯ ಸಿಸಿಟಿವಿಯಲ್ಲಿ ಬಯಲಾದರೆ, ನಿಜಕ್ಕೂ ಅಲ್ಲಿರದ ನಿಮ್ಮ ತಮ್ಮನ ಮಾತನ್ನೂ ನ್ಯಾಯಾಲಯ ಅನುಮಾನದಿಂದಲೇ ನೋಡುತ್ತದೆ.

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದಷ್ಟು ಬಲವನ್ನು ಮಾತ್ರ ಬಳಸಬೇಕು. ರಾಡು ಎತ್ತಿದವರನ್ನು ತಳ್ಳುವುದು ಇದರೊಳಗೆ ಬರುತ್ತದೆ. ಅವರು ಬಿದ್ದ ಮೇಲೆ ಒದ್ದಿದ್ದರೆ ಬರುವುದಿಲ್ಲ, ಆ ಭಾಗವನ್ನು ವಕೀಲರಿಂದಲೂ ಮುಚ್ಚಿಡಬೇಡಿ. ಆರೋಪವನ್ನು ಸಂಶಯಾತೀತವಾಗಿ ರುಜುವಾತುಪಡಿಸುವುದು ಪ್ರಾಸಿಕ್ಯೂಷನ್ ಹೊಣೆಯಾದರೂ, ಆತ್ಮರಕ್ಷಣೆಯ ವಿನಾಯಿತಿಯನ್ನು ತೋರಿಸುವ ಹೊಣೆ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಂತೆ ನಿಮ್ಮದು. ಅದು ಅಷ್ಟು ಭಾರದ್ದಲ್ಲ, ನಿಮ್ಮ ವಿವರಣೆಯೇ ಹೆಚ್ಚು ಸಂಭವನೀಯವೆಂದು ಕಂಡರೆ ಸಾಕು. ಹಾಗಾಗಿ ಭುಜದ ಪೆಟ್ಟಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕಾಗಿ ವೈದ್ಯರು ಮಾಡುವ ಗಾಯದ ದಾಖಲೆ) ಮಾಡಿಸಿದ್ದರೆ ಆ ವೂಂಡ್ ಸರ್ಟಿಫಿಕೇಟ್ ನಿಮ್ಮ ದೊಡ್ಡ ಬಲ. ಮಾಡಿಸಿಲ್ಲವೆಂದರೆ ಬಾವು ಇಳಿಯುವ ಮೊದಲೇ, ಇವತ್ತೇ ಹೋಗಿ. ಸಿಸಿಟಿವಿಯ ಹಳೆಯ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ, ಅದನ್ನು ಉಳಿಸುವಂತೆ ಎದುರು ಮನೆಯವರಿಗೂ ತನಿಖಾಧಿಕಾರಿಗೂ ಲಿಖಿತವಾಗಿ ಕೋರಿ, ಸ್ವೀಕೃತಿ ಪಡೆಯಿರಿ.

ತಮ್ಮನದು ಬೇರೆಯೇ ವಾದ, ಘಟನೆಯ ಹೊತ್ತಿಗೆ ಬೇರೆಡೆ ಇದ್ದೆ ಎಂಬ, ವಕೀಲರು ಅಲಿಬೈ ಎನ್ನುವಂಥದ್ದು. ‘ಆಫೀಸಿನಲ್ಲಿದ್ದೆ’ ಎಂಬ ಬಾಯಿಮಾತು ಸಾಲದು. ಆ ಹೊತ್ತಿಗೆ ಬಸವೇಶ್ವರನಗರದಲ್ಲಿರುವುದು ಅಸಾಧ್ಯವೆಂದು ತೋರಬೇಕು. ಸ್ವೈಪ್ ಕಾರ್ಡಿನ ದಾಖಲೆಯೊಂದಿಗೆ, ಎಲೆಕ್ಟ್ರಾನಿಕ್ ದಾಖಲೆಗಳಿಗೆ ಬೇಕಾದ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ.

ಇನ್ನು ಜಾಮೀನು. ಮೂಳೆ ಮುರಿದಿರುವುದರಿಂದ ಸಾಮಾನ್ಯವಾಗಿ ನ್ಯಾಯ ಸಂಹಿತೆಯ 117(2)ನೇ ಕಲಮು (ತೀವ್ರ ಗಾಯ) ಹಾಕುತ್ತಾರೆ. ಶಿಕ್ಷೆ 7 ವರ್ಷಗಳವರೆಗಿದ್ದರೂ ಅದು ಜಾಮೀನು ನೀಡಬಹುದಾದ ಅಪರಾಧ. ಎಫ್‌ಐಆರ್‌ನಲ್ಲಿ ಇದಕ್ಕಿಂತ ಗಂಭೀರ ಕಲಮಿಲ್ಲದಿದ್ದರೆ ನಿರೀಕ್ಷಣಾ ಜಾಮೀನಿಗೆಂದು ಹಣ ಸುರಿಯಬೇಕಿಲ್ಲ. ಠಾಣೆಯಿಂದ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ (ವಿಚಾರಣೆಗೆ ಹಾಜರಾಗಲು ಕರೆ) ಬಂದರೆ ಮಾತ್ರ ಅದರಲ್ಲಿ ಹೇಳಿದ ದಿನ ತಪ್ಪದೆ ಹಾಜರಾಗಿ, ಏಕೆಂದರೆ ಹೋಗದಿರುವುದೇ ಬಂಧನಕ್ಕೆ ಕಾರಣವಾಗಬಹುದು.